ಕಿರಣ ಚಿಕಿತ್ಸೆ ಮತ್ತು ಚರ್ಮದ ಆರೈಕೆ

ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ನಮ್ಮ ವಾಳೆಯ ತಾಯಿಯೊಬ್ಬರನ್ನು ಕಾಣಲು ಹೋಗಿದ್ದೆವು. ಸ್ತನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ, ನಾವೆಲ್ಲ ‘ಕರೆಂಟು ಕೊಡುವುದು’ ಎನ್ನುವ ಕಿರಣ ಚಿಕಿತ್ಸೆ ನಡೆಯುತ್ತಿತ್ತು. ಮೂರನೆಯ ವಾರ ಚರ್ಮ ಕೆಂಪಾಗಿ ಉರಿಯತೊಡಗಿದಾಗ ‘ಸುಟ್ಟುಹೋಯಿತು’ ಎಂದು ಹೆದರಿ ಚಿಕಿತ್ಸೆ ನಿಲ್ಲಿಸಿ, ಅರಿಶಿನ ಅರೆದು ಹಚ್ಚಿಕೊಂಡಿದ್ದರು. ಮತ್ತೆ ವೈದ್ಯರ ಬಳಿಗೆ ಹೋಗುವಾಗ ಎಂಟು ದಿನ ಕಳೆದಿತ್ತು. ಹೀಗೆ ನಡುವೆ ಬಿಟ್ಟರೆ ಉಳಿದ ರೋಗಕ್ಕೆ ಬೆಳೆಯಲು ಅವಕಾಶ ಕೊಟ್ಟಂತೆ. ಬೇರೆ ಯಾರಿಗೂ ಹೀಗಾಗಬಾರದೆಂದು ಇದನ್ನು ಬರೆಯುತ್ತಿದ್ದೇವೆ.

ಇದು ವಿದ್ಯುತ್ತಲ್ಲ, ಕ್ಷ-ಕಿರಣದಂಥ ಶಕ್ತಿಯುತ ಕಿರಣ. ರೋಗದ ಕಣಗಳ ಜೊತೆಗೆ ಹೊಸ ಚರ್ಮ ಹುಟ್ಟಿಸುವ ಕಣಗಳಿಗೂ ಪೆಟ್ಟು ಬೀಳುತ್ತದೆ. ಆದ್ದರಿಂದ 2-3 ವಾರಗಳಲ್ಲಿ ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ, ತುರಿಸಿ, ಸಿಪ್ಪೆ ಏಳುತ್ತದೆ. ಕಂಕುಳು ಮತ್ತು ಸ್ತನದ ಕೆಳಗಿನ ಮಡಿಕೆಯಲ್ಲಿ ಕೆಲವರಿಗೆ ನೀರೂ ಒಸರುತ್ತದೆ. ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಇದು ಹೆಚ್ಚಬಹುದು. ಬಳಿಕ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಮಾಯುತ್ತದೆ.

ಮನೆಯಲ್ಲಿ ಗಮನಿಸಬೇಕಾದವು:

1. ಹಂಡೆಯ ಸುಡುನೀರು ಬೇಡ. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು ಸಾಕು. ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ವೈದ್ಯರು ಹಾಕಿದ ಗುರುತು ಅಳಿಸಬೇಡಿ.

2. ಅರಿಶಿನ, ಬೂದಿ, ಸೊಪ್ಪಿನ ರಸ ಹಚ್ಚಬೇಡಿ. ಎಣ್ಣೆ, ಮುಲಾಮು ಯಾವುದಾದರೂ ವೈದ್ಯರನ್ನು ಕೇಳಿಯೇ ಹಚ್ಚಿ. ಬಿಸಿ ಶಾಖ, ಮಂಜುಗಡ್ಡೆ ಎರಡೂ ಬೇಡ.

3. ಸಡಿಲವಾದ ಹತ್ತಿಯ ರವಿಕೆ ತೊಡಿ. ಬಿಸಿಲು ಮತ್ತು ಒಲೆಯ ಝಳದಿಂದ ದೂರವಿರಿ. ಹೊಗೆಸೊಪ್ಪು ಬಿಡಿ.

4. ನೀರು ಒಸರಿದರೆ, ಕೀವಾದರೆ, ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ತಿಳಿಸಿ. ನೀವಾಗಿ ಚಿಕಿತ್ಸೆ ನಿಲ್ಲಿಸಬೇಡಿ.

ಕಂಕುಳಿನ ಗಂಟು ತೆಗೆದವರಿಗೆ, ಅಲ್ಲಿಗೆ ಕಿರಣ ಕೊಟ್ಟವರಿಗೆ ಮುಂದೆ ಆ ಕೈ ಬಾತುಕೊಳ್ಳುವ ಸಂಭವವಿದೆ. ಆದ್ದರಿಂದ ತೋಟದಲ್ಲಿ ಸೊಪ್ಪು, ಮುಳ್ಳು, ಕತ್ತಿ ಮುಟ್ಟುವಾಗ ಕೈಗವಸು ತೊಡಿ. ಗಾಯವಾದರೆ ತಕ್ಷಣ ತೊಳೆದು ಶುಚಿಯಾಗಿಡಿ. ವರ್ಷಗಳ ಬಳಿಕ ಚರ್ಮ ಗಟ್ಟಿಯಾಗುವುದು, ಸಣ್ಣ ಕೆಂಪು ನರಗಳು ಕಾಣುವುದು ಉಂಟು. ಹೊಸ ಗಂಟು, ಮಾಯದ ಹುಣ್ಣು ಕಂಡರೆ ಮಾತ್ರ ತಡಮಾಡದೆ ತೋರಿಸಿ.

ಇನ್ನೊಂದು ಮಾತು. ಯಂತ್ರದಿಂದ ಹೊರಗಿನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗುವನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಆ ತಾಯಿಯನ್ನು ದೂರ ಕೂರಿಸಬೇಡಿ. ಕೆಲವು ವಾರ ಒಲೆಯ ಮುಂದಿನ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ಅದೂ ಔಷಧವೇ.