ಜೋಲುವ ಮರಕ್ಕೆ ಅಶೋಕದ ಹೆಸರು

ಶಿವಮೊಗ್ಗ: ನಗರದ ಶಾಲೆ, ಕಚೇರಿ, ಕಲ್ಯಾಣ ಮಂಟಪಗಳ ಕಾಂಪೌಂಡಿನ ಉದ್ದಕ್ಕೂ ಸಾಲಾಗಿ ನಿಂತು, ಕೊಂಬೆಗಳನ್ನು ಕಾಂಡದ ಪಕ್ಕಕ್ಕೇ ಇಳಿಬಿಟ್ಟ ಎತ್ತರದ ಮರಗಳನ್ನು ಕಾಣದವರಿಲ್ಲ. ಭದ್ರಾವತಿಯಲ್ಲಿಯೂ ಇವಕ್ಕೆ ಕೊರತೆಯಿಲ್ಲ. ಜನರು ಇದನ್ನು ಅಶೋಕವೆಂದೇ ಕರೆಯುತ್ತಾರೆ. ಆದರೆ ಇದು ಅಶೋಕವಲ್ಲ.

ಸೀತಾಫಲದ ಕುಟುಂಬಕ್ಕೆ ಸೇರಿದ ಈ ಮರದ ಸಸ್ಯಶಾಸ್ತ್ರೀಯ ಹೆಸರು ಪಾಲಿಯಾಲ್ತಿಯಾ ಲಾಂಗಿಫೋಲಿಯಾ. ಇತ್ತೀಚಿನ ವರ್ಗೀಕರಣದಲ್ಲಿ ಮೊನೂನ್ ಲಾಂಗಿಫೋಲಿಯಂ. ದಕ್ಷಿಣ ಭಾರತ ಹಾಗೂ ಶ್ರೀಲಂಕಾ ಇದರ ತವರು. ಮೂಲ ರೂಪದಲ್ಲಿ ಇದು ಕೊಂಬೆ ಹರಡಿ ಧಾರಾಳವಾಗಿ ನೆರಳು ನೀಡುತ್ತದೆ. ನಾವು ನೆಟ್ಟಿರುವುದು 'ಪೆಂಡುಲಾ' ಎಂಬ ಜೋಲುವ ರೂಪ. ಇಕ್ಕಟ್ಟಾದ ನಿವೇಶನಕ್ಕೆ ಇದು ಅನುಕೂಲ; ನೆರಳನ್ನು ಮಾತ್ರ ಕೇಳಬಾರದು!

ಹೀಗೆ ಜೋಲುವ ಮರಗಳನ್ನು ಆಯ್ದು ಬೆಳೆಸುವ ಹವ್ಯಾಸ ಹಳೆಯದು. ಸ್ಕಾಟ್ಲೆಂಡಿನ ಡಂಡೀ ನಗರದ ಕ್ಯಾಂಪರ್‌ಡೌನ್ ಎಸ್ಟೇಟಿನಲ್ಲಿ 1835-40ರ ಸುಮಾರಿಗೆ ನೆಲದ ಮೇಲೆ ತೆವಳುತ್ತಿದ್ದ ಎಲ್ಮ್ ಗಿಡವೊಂದು ಕಣ್ಣಿಗೆ ಬಿತ್ತು. ಅದರ ಕುಡಿಯನ್ನು ನೆಟ್ಟಗಿನ ಎಲ್ಮ್ ಕಾಂಡಕ್ಕೆ ಕಸಿ ಕಟ್ಟಿದಾಗ ಕೊಡೆಯಂತೆ ಬಾಗಿದ ಮರ ದೊರೆಯಿತು. ಜಗತ್ತಿನ ಕ್ಯಾಂಪರ್‌ಡೌನ್ ಎಲ್ಮ್‌ಗಳೆಲ್ಲ ಆ ಒಂದೇ ಗಿಡದ ಕಸಿಸಂತಾನ. ನಮ್ಮ ಕಾಡಿನ ತಪಸಿ ಮರ ಇದೇ ಎಲ್ಮ್ ಕುಟುಂಬದ್ದಾದರೂ ಉದ್ಯಾನಗಳಲ್ಲಿ ಅದನ್ನು ಕೇಳುವವರು ಕಡಿಮೆ.

ಹೆಸರಿನ ಗೊಂದಲ ಬರಿಯ ಮಾತಿನದಾಗಿದ್ದರೆ ಚಿಂತೆಯಿರಲಿಲ್ಲ. ನಿಜವಾದ ಅಶೋಕ, ಅಂದರೆ ಸರಾಕಾ ಅಶೋಕ, ಪಶ್ಚಿಮ ಘಟ್ಟಗಳ ತೇವದ ಕಾಡುಗಳಲ್ಲಿ, ಹಳ್ಳಗಳ ಬದಿಯಲ್ಲಿ ಬೆಳೆಯುವ ಮರ. ಸ್ತ್ರೀಯರ ಕಾಯಿಲೆಗಳಿಗೆ ಆಯುರ್ವೇದ ಬಳಸುವ ಅಶೋಕಾರಿಷ್ಟಕ್ಕೆ ಬೇಕಾದುದು ಇದರ ತೊಗಟೆ. ತೊಗಟೆ ಸುಲಿದರೆ ಮರ ಸೊರಗುತ್ತದೆ. ಬೇಡಿಕೆ ಹೆಚ್ಚಿದಂತೆ ಕಾಡಿನ ಅಶೋಕ ವಿರಳವಾಗಿದ್ದು, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಅದನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಪಟ್ಟಿಗೆ ಸೇರಿಸಿದೆ. ಇತ್ತ ಮಾರುಕಟ್ಟೆಯಲ್ಲಿ ಜೋಲುವ ಮರದ ತೊಗಟೆಯೇ ಅಶೋಕದ ಹೆಸರಿನಲ್ಲಿ ಕಲಬೆರಕೆಯಾಗುವುದುಂಟು. ಪುಡಿ ಮಾಡಿದ ಮೇಲೆ ಗುರುತಿಸುವುದು ಸುಲಭವಲ್ಲ.

ಮರವನ್ನು ಗುರುತಿಸುವುದು ಮಾತ್ರ ಸುಲಭ. ಹುಸಿ ಅಶೋಕದ ಎಲೆ ಉದ್ದವಾಗಿದ್ದು ಅಂಚು ಅಲೆಯಲೆಯಾಗಿರುತ್ತದೆ. ಹೂವು ನಸುಹಸಿರು, ಎಲೆಗಳ ನಡುವೆ ಕಾಣುವುದೇ ಇಲ್ಲ. ನಿಜವಾದ ಅಶೋಕದ್ದು ಒಂದೇ ದಂಟಿನಲ್ಲಿ ಜೋಡಿಜೋಡಿಯಾಗಿ ಎಲೆಗಳಿರುವ ಸಂಯುಕ್ತ ಪರ್ಣ. ಚಿಗುರು ತಾಮ್ರವರ್ಣದ್ದು, ಬಾಡಿದಂತೆ ತೂಗಾಡುತ್ತದೆ. ಹೂಗೊಂಚಲು ಹಳದಿಯಿಂದ ಕಿತ್ತಳೆಗೆ, ಕ್ರಮೇಣ ಕೆಂಪಿಗೆ ತಿರುಗುತ್ತದೆ. ನರ್ಸರಿಯಲ್ಲಿ ಸಸಿ ಕೊಳ್ಳುವವರು ಹೆಸರನ್ನು ಕೇಳುವ ಬದಲು ಎಲೆಯನ್ನು ನೋಡುವುದು ಒಳಿತು.