ವಿಮಾನಚಾಲಕರ ಸರದಿ, ನೆಲೆ ಮತ್ತು ನಿದ್ರೆ

ಭಾರತದ ನಕ್ಷೆಯ ನಡುಭಾಗದಲ್ಲಿರುವ ನಾಗಪುರಕ್ಕೂ ವಿಮಾನಚಾಲಕರ ರಾತ್ರಿ ದುಡಿಮೆಗೂ ಹಳೆಯ ನಂಟಿದೆ. 1949ರ ಜನವರಿಯಲ್ಲಿ ಆರಂಭವಾದ ರಾತ್ರಿ ವಿಮಾನ ಅಂಚೆ ಸೇವೆಯಲ್ಲಿ ದೆಹಲಿ, ಮುಂಬಯಿ, ಕಲ್ಕತ್ತಾ ಮತ್ತು ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿಯಲ್ಲಿ ಇಲ್ಲಿ ಕೂಡುತ್ತಿದ್ದವು. ಅಂಚೆ ಚೀಲಗಳನ್ನೂ ಪ್ರಯಾಣಿಕರನ್ನೂ ಪರಸ್ಪರ ಬದಲಾಯಿಸಿಕೊಂಡು ಬಂದ ದಿಕ್ಕಿಗೆ ಮರಳುತ್ತಿದ್ದವು. ಆ ಸೇವೆ 1970ರ ದಶಕದಲ್ಲಿ ನಿಂತುಹೋಯಿತು. ಆದರೆ ದೇಶವೆಲ್ಲ ಮಲಗಿರುವಾಗ ಎಚ್ಚರವಾಗಿರಬೇಕಾದ ವಿಮಾನಚಾಲಕನ ಪಾಡು ಇಂದಿಗೂ ಬದಲಾಗಿಲ್ಲ. ಅವನು ಯಾವ ಹೊತ್ತಿನಲ್ಲಿ ದುಡಿಯಬೇಕು, ಯಾವ ಊರಿನಲ್ಲಿ ನೆಲೆಸಬೇಕು ಎಂಬ ನಿರ್ಧಾರಗಳು ಅವನ ಆರೋಗ್ಯಕ್ಕೂ ನಮ್ಮೆಲ್ಲರ ಸುರಕ್ಷತೆಗೂ ಸಂಬಂಧಪಟ್ಟವಾಗಿವೆ.

ಪ್ರತಿಯೊಬ್ಬ ವಿಮಾನಚಾಲಕನಿಗೂ ಸಂಸ್ಥೆಯು ಒಂದು ನೆಲೆಯನ್ನು, ಅಂದರೆ ‘ಬೇಸ್’ ಅನ್ನು ಗೊತ್ತುಮಾಡಿರುತ್ತದೆ. ಅವನ ಕೆಲಸ ಆ ಊರಿನಿಂದಲೇ ಆರಂಭವಾಗಿ, ಸಾಮಾನ್ಯವಾಗಿ ಆ ಊರಿನಲ್ಲಿಯೇ ಮುಗಿಯುತ್ತದೆ. ತಿಂಗಳ ಕೆಲಸದ ಪಟ್ಟಿಯನ್ನು ‘ರೋಸ್ಟರ್’ ಎನ್ನುತ್ತಾರೆ. ಅಮೆರಿಕದಂತಹ ದೇಶಗಳಲ್ಲಿ ಮುಂದಿನ ತಿಂಗಳ ಹಾರಾಟಗಳನ್ನು ಮೊದಲೇ ಪ್ರಕಟಿಸಿ, ಚಾಲಕರಿಂದ ಅಪೇಕ್ಷೆಗಳನ್ನು ಪಡೆಯುವ ಪದ್ಧತಿಯಿದೆ. ಇದಕ್ಕೆ ‘ಬಿಡ್’ ಮಾಡುವುದೆಂದು ಹೆಸರು. ಇಲ್ಲಿ ಹಣದ ಹರಾಜಿಲ್ಲ. ಸೇವಾ ಹಿರಿತನವೇ ಬೆಲೆ. ಪಟ್ಟಿಯಲ್ಲಿ ಮೊದಲಿರುವವನು ಬೇಕಾದುದನ್ನು ಆರಿಸಿಕೊಂಡ ಮೇಲೆ ಉಳಿದದ್ದು ಎರಡನೆಯವನಿಗೆ. ಹೀಗೆಯೇ ಇಳಿಯುತ್ತ ಹೋಗಿ ಕಟ್ಟಕಡೆಯವನಿಗೆ ಹಬ್ಬದ ದಿನದ ದುಡಿಮೆ, ನಡುರಾತ್ರಿಯ ಹಾರಾಟ, ಇಲ್ಲವೇ ಕರೆ ಬಂದಾಗ ಓಡಬೇಕಾದ ಕಾಯ್ದಿಟ್ಟ ಸರದಿ ದೊರೆಯುತ್ತದೆ. ನಮ್ಮ ದೇಶದಲ್ಲಿ ಸರದಿಯನ್ನು ಹೆಚ್ಚಾಗಿ ಸಂಸ್ಥೆಯೇ ಗಣಕಯಂತ್ರದ ನೆರವಿನಿಂದ ಹಂಚುತ್ತದೆ.

ಈ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿದೆ. ಹಿರಿತನವನ್ನು ಅಳೆಯುವುದು ಅದೇ ನೆಲೆಯ, ಅದೇ ಹುದ್ದೆಯ ಇತರರೊಡನೆ. ದೊಡ್ಡ ನಗರದ ನೆಲೆಯಲ್ಲಿ ಕೊನೆಯವನಾಗಿರುವ ಚಾಲಕನು ಸಣ್ಣ ಊರಿನ ನೆಲೆಯಲ್ಲಿ ನಡುವಿನವನಾಗಬಹುದು. ಸಹಚಾಲಕರಲ್ಲಿ ಅಗ್ರಗಣ್ಯನಾಗಿದ್ದವನು ಬಡ್ತಿ ಪಡೆದು ಕ್ಯಾಪ್ಟನ್ ಆದೊಡನೆ ಹೊಸ ಪಟ್ಟಿಯ ಬಾಲಕ್ಕೆ ಸೇರುತ್ತಾನೆ. ಸಂಬಳ ಏರಿದರೂ ನಿದ್ರೆ ಇಳಿಯುತ್ತದೆ. ಆದುದರಿಂದ ಬಡ್ತಿಯೊಂದೇ ಲಾಭವೆಂದು ಭಾವಿಸುವುದು ಸಲ್ಲದು. ಎದುರು ಪುಟದ ಖರ್ಚನ್ನೂ ಕೂಡಿ ನೋಡಬೇಕು.

ಸಣ್ಣ ಊರುಗಳನ್ನು ಜೋಡಿಸುವ ಪ್ರಾದೇಶಿಕ ವಿಮಾನಗಳ ಚಾಲಕರಿಗೆ ಈ ಲೆಕ್ಕ ಇನ್ನೂ ಬಿಗಿಯಾದುದು. ಬೆಳಗಾವಿ ಮತ್ತು ನಾಗಪುರಗಳ ನಡುವೆ 2022ರಲ್ಲಿ ಬೆಂಗಳೂರಿನ ಸ್ಟಾರ್ ಏರ್ ಸಂಸ್ಥೆಯು ನೇರ ವಿಮಾನವನ್ನು ಆರಂಭಿಸಿದಾಗ ಇಲ್ಲಿಯ ಕನ್ನಡಿಗರಿಗೆ ತವರು ಹತ್ತಿರವಾದಂತಾಯಿತು. ಇಂತಹ ಕಿರುಹಾದಿಗಳಲ್ಲಿ ಚಾಲಕನು ಒಂದೇ ದಿನದಲ್ಲಿ ಹಲವು ಬಾರಿ ಏರಿ ಇಳಿಯಬೇಕಾಗುತ್ತದೆ. ಹಾರಾಟದಲ್ಲಿ ಅತ್ಯಂತ ಎಚ್ಚರ ಬೇಕಾದ ಘಟ್ಟಗಳೆಂದರೆ ಇವೆರಡೇ.

ಇನ್ನು ಮನೆ ಒಂದೂರಿನಲ್ಲಿ, ನೆಲೆ ಮತ್ತೊಂದೂರಿನಲ್ಲಿ ಇದ್ದರೆ ಹೇಗೆ? 2009ರ ಫೆಬ್ರವರಿ 12ರಂದು ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಸಂಸ್ಥೆಯ ವಿಮಾನ ಬಿದ್ದು 50 ಮಂದಿ ಮಡಿದರು. ಚಾಲಕರಿಬ್ಬರ ನೆಲೆ ನ್ಯೂಯಾರ್ಕಿನ ಬಳಿಯ ನ್ಯೂವಾರ್ಕ್. ಕ್ಯಾಪ್ಟನ್ನರ ಮನೆ ಫ್ಲಾರಿಡಾದಲ್ಲಿ. ಸಹಚಾಲಕಿಯ ಮನೆ ದೇಶದ ಇನ್ನೊಂದು ತುದಿಯ ಸಿಯಾಟಲ್ ಕಡೆ. ಆಕೆ ಹಿಂದಿನ ರಾತ್ರಿಯೆಲ್ಲ ವಿಮಾನಗಳಲ್ಲಿ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದರು. ತನಿಖಾ ಮಂಡಳಿಯು ಕ್ಯಾಪ್ಟನ್ನರ ತಪ್ಪು ಪ್ರತಿಕ್ರಿಯೆಯೇ ಅಪಘಾತದ ಕಾರಣವೆಂದಿತು. ಇಬ್ಬರ ಸಾಮರ್ಥ್ಯವೂ ಬಳಲಿಕೆಯಿಂದ ಕುಂದಿದ್ದಿರಬಹುದೆಂದೂ ಹೇಳಿತು. ತರುವಾಯ ಆ ದೇಶದಲ್ಲಿ ವಿಶ್ರಾಂತಿಯ ನಿಯಮಗಳು ಬಿಗಿಯಾದವು.

ನಮ್ಮ ಮಂಗಳೂರಿನ ದುರಂತವನ್ನು ಕನ್ನಡಿಗರು ಮರೆಯಲಾರರು. 2010ರ ಮೇ 22ರಂದು ದುಬೈಯಿಂದ ರಾತ್ರಿಯೆಲ್ಲ ಹಾರಿ ಬಂದ ವಿಮಾನವು ಬೆಳಗಿನ ಆರು ಗಂಟೆಯ ಸುಮಾರಿಗೆ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ, 166 ಜನರಲ್ಲಿ 158 ಮಂದಿ ಮೃತರಾದರು. ಬದುಕಿದವರು ಎಂಟೇ ಮಂದಿ. ತಪ್ಪು ಎತ್ತರದಲ್ಲಿ ಇಳಿಯತೊಡಗಿದ್ದ ವಿಮಾನವನ್ನು ಕ್ಯಾಪ್ಟನ್ ಮತ್ತೆ ಮೇಲೇರಿಸದಿದ್ದುದೇ ನೇರ ಕಾರಣವೆಂದು ತನಿಖೆ ತಿಳಿಸಿತು. ಹಾರಾಟದ ಬಹುಭಾಗ ಅವರು ನಿದ್ರೆಯಲ್ಲಿದ್ದುದು ಧ್ವನಿಮುದ್ರಣದಿಂದ ತಿಳಿದುಬಂದಿತು. ಗಾಢನಿದ್ರೆಯಿಂದ ಎದ್ದೊಡನೆ ಮನಸ್ಸಿಗೆ ಕೆಲಕಾಲ ಕವಿದಿರುವ ಮಂಪರನ್ನು ವೈದ್ಯರು ‘ನಿದ್ರಾಜಡತ್ವ’ವೆಂದು ಗುರುತಿಸುತ್ತಾರೆ.

ಇದಕ್ಕೆ ಶರೀರಶಾಸ್ತ್ರದ ಆಧಾರವಿದೆ. ನಮ್ಮ ದೇಹದೊಳಗೆ ಸುಮಾರು 24 ಗಂಟೆಗಳ ಗಡಿಯಾರವೊಂದು ನಡೆಯುತ್ತಿರುತ್ತದೆ. ಅದರ ಮರ್ಮವನ್ನು ಬಿಡಿಸಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಪಾರಿತೋಷಕ ಸಂದಿತು. ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ದೇಹದ ಚೈತನ್ಯ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. 17 ಗಂಟೆಗಳ ಕಾಲ ಸತತವಾಗಿ ಎಚ್ಚರವಾಗಿದ್ದವನ ಚುರುಕುತನವು ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು 1997ರ ಆಸ್ಟ್ರೇಲಿಯದ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದಲ್ಲಿ ಮೋಟಾರು ವಾಹನ ನಡೆಸುವವನಿಗೆ ಕಾನೂನು ಒಪ್ಪುವ ಮಿತಿಯಾದರೂ ಶೇಕಡಾ 0.03 ಮಾತ್ರ. ಬೆಳಗಿನ ಐದಕ್ಕೆ ನಿಲ್ದಾಣದಲ್ಲಿ ಹಾಜರಿರಬೇಕಾದವನು ಮೂರಕ್ಕೆ ಏಳಬೇಕು. ಏಳು ಗಂಟೆ ನಿದ್ರೆ ಬೇಕಿದ್ದರೆ ಹಿಂದಿನ ಸಂಜೆ ಎಂಟಕ್ಕೇ ಕಣ್ಣುಮುಚ್ಚಿರಬೇಕು. ಮಕ್ಕಳಿರುವ ಮನೆಯಲ್ಲಿ ಇದು ಎಷ್ಟು ದಿನ ಸಾಧ್ಯ?

2023ರ ಆಗಸ್ಟ್ ತಿಂಗಳಿನಲ್ಲಿ ನಾಗಪುರದ ವಿಮಾನ ನಿಲ್ದಾಣದಲ್ಲಿಯೇ, ಪುಣೆಗೆ ವಿಮಾನ ನಡೆಸಬೇಕಿದ್ದ ಚಾಲಕರೊಬ್ಬರು ದ್ವಾರದ ಬಳಿ ಕುಸಿದುಬಿದ್ದು ತೀರಿಕೊಂಡರು. ಅದಕ್ಕೆ ಮುನ್ನ ಅವರಿಗೆ ಒಂದು ದಿನಕ್ಕೂ ಮೀರಿದ ವಿಶ್ರಾಂತಿ ದೊರೆತಿತ್ತು. ಆದಕಾರಣ ಆ ಸಾವಿನ ಹೊಣೆಯನ್ನು ಸರದಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಚಾಲಕರ ಆರೋಗ್ಯದ ಬಗ್ಗೆ ದೇಶವೇ ಚಿಂತಿಸುವಂತೆ ಆ ಘಟನೆ ಮಾಡಿತು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2024ರ ಜನವರಿಯಲ್ಲಿ ನಿಯಮಗಳನ್ನು ಪರಿಷ್ಕರಿಸಿ, ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಿತು. ರಾತ್ರಿಯ ಅವಧಿಯನ್ನು ಬೆಳಗಿನ ಐದರ ಬದಲು ಆರರವರೆಗೆ ವಿಸ್ತರಿಸಿತು. ರಾತ್ರಿಯ ಸರದಿಯಲ್ಲಿ ಆರರ ಬದಲು ಎರಡೇ ಬಾರಿ ವಿಮಾನ ಇಳಿಸಬಹುದೆಂದಿತು. ಇವು 2025ರ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಎರಡು ಹಂತವಾಗಿ ಜಾರಿಗೆ ಬಂದವು. ಮರುತಿಂಗಳಿನಲ್ಲಿಯೇ ಚಾಲಕರ ಕೊರತೆಯಿಂದ ಸಾವಿರಾರು ಹಾರಾಟಗಳು ರದ್ದಾಗಿ, ಪ್ರಯಾಣಿಕರು ನಿಲ್ದಾಣಗಳಲ್ಲಿ ಪರದಾಡಿದುದೂ, ಸರಕಾರವು ತಾತ್ಕಾಲಿಕ ವಿನಾಯಿತಿ ನೀಡಬೇಕಾಗಿ ಬಂದುದೂ ಎಲ್ಲರಿಗೂ ತಿಳಿದದ್ದೇ. ವಿಶ್ರಾಂತಿಗೆ ಬೇಕಾದ ಜನಬಲವನ್ನು ಮೊದಲೇ ಕೂಡಿಡದಿದ್ದರೆ ಒಂದು ದಿನ ಬಡ್ಡಿಸಮೇತ ತೆರಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ವಿಮಾನಚಾಲಕರಾಗಬಯಸುವ ತರುಣ ತರುಣಿಯರು ನೆಲೆಯನ್ನು ಆರಿಸುವಾಗ ಸಂಬಳದ ಅಂಕಿಯೊಂದನ್ನೇ ನೋಡದೆ, ಮನೆಗೂ ನೆಲೆಗೂ ಇರುವ ದೂರ, ಹಿರಿತನದಲ್ಲಿ ತಮಗೆ ದೊರೆಯುವ ಸ್ಥಾನ, ತಿಂಗಳಿಗೆ ಬರುವ ರಾತ್ರಿಗಳ ಸಂಖ್ಯೆ ಇವನ್ನೂ ಬರೆದು ತೂಗಬೇಕು. ನಿದ್ರೆಗೆ ಕತ್ತಲೆಯ, ಸದ್ದಿಲ್ಲದ ಕೋಣೆ ಬೇಕು. ಮಲಗುವ ಮುನ್ನ ಕಾಫಿ, ಮದ್ಯಗಳನ್ನು ದೂರವಿಡಬೇಕು. ಬಳಲಿದಾಗ ‘ನನ್ನಿಂದಾಗದು’ ಎಂದು ಹೇಳುವುದು ಹೇಡಿತನವಲ್ಲ, ಕರ್ತವ್ಯ. ಈ ಮಾತು ರಾತ್ರಿಪಾಳಿಯ ರೈಲ್ವೆ ನೌಕರರಿಗೂ ದಾದಿಯರಿಗೂ ಅಷ್ಟೇ ಅನ್ವಯಿಸುತ್ತದೆ. ಅಂಥವರಿರುವ ಮನೆಯವರು ಹಗಲುಹೊತ್ತು ಬಾಗಿಲನ್ನು ಮೆಲ್ಲನೆ ಮುಚ್ಚಿದರೂ ಸಾಕು, ಅದೊಂದು ದೊಡ್ಡ ಉಪಕಾರ.