ತೂಕದ ಗುಂಡನ್ನು ಎಳೆದ ಹಿಮಾಲಯ

5.236 ಸೆಕೆಂಡು! ಗಡಿಯಾರದ ಸೆಕೆಂಡಲ್ಲ, ಕೋನದ್ದು. ನೆಲದ ಮೇಲೆ ಸುಮಾರು 160 ಮೀಟರ್. ಮುಜಫ್ಫರನಗರದ ಬಳಿಯ ಕಲಿಯಾನಾದಿಂದ ಮಧ್ಯಪ್ರದೇಶದ ಸಿರೋಂಜ್ ಸಮೀಪದ ಕಲಿಯಾನ್‌ಪುರದವರೆಗೆ ಸುಮಾರು 600 ಕಿ.ಮೀ. ಭೂಮಿಯನ್ನು ತ್ರಿಕೋನ ತ್ರಿಕೋನವಾಗಿ ಅಳೆದು ಅಕ್ಷಾಂಶದ ಅಂತರ ತೆಗೆದರು. ನಕ್ಷತ್ರ ನೋಡಿಯೂ ತೆಗೆದರು. ಎರಡೂ ಕೂಡಿಬರಲಿಲ್ಲ, ಇಷ್ಟು ಉಳಿಯಿತು. ಅಷ್ಟು ದೂರಕ್ಕೆ ಇಷ್ಟು ತಪ್ಪು ಯಾವ ಲೆಕ್ಕ ಎನ್ನುವಂತಿರಲಿಲ್ಲ, ಏಕೆಂದರೆ ಅಳೆದವರು ಅಂಥ ಹಟಮಾರಿಗಳು!

ಭಾರತವನ್ನು ತ್ರಿಕೋನಗಳಲ್ಲಿ ಅಳೆದ ಈ ಮಹಾ ಸರ್ವೆಯ ಮೂಲಪುರುಷ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ನಮ್ಮ ಬೆಂಗಳೂರಿನ ಬಯಲಲ್ಲಿ ಏಳು ಮೈಲಿಗೂ ಮಿಕ್ಕ ಆಧಾರರೇಖೆ ಅಳೆದಾಗ, ಉಕ್ಕಿನ ಸರಪಳಿಯ ಜೊತೆಗೆ ಥರ್ಮಾಮೀಟರೂ ಇತ್ತು. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಹಿಗ್ಗಿದ ಸರಪಳಿ ಸುಳ್ಳು ಹೇಳುತ್ತದೆ, ಅದೂ ಪ್ರತಿ ಸಲ ಒಂದೇ ಕಡೆಗೆ. ಕೈನಡುಕ, ಕಣ್ಣಿನ ಅಂದಾಜು ಹಾಗಲ್ಲ: ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಹತ್ತಾರು ಸಲ ಅಳೆದು ಸರಾಸರಿ ತೆಗೆದರೆ ಅವು ಬಹುಮಟ್ಟಿಗೆ ವಜಾ ಆಗುತ್ತವೆ. ಒಂದೇ ಕಡೆ ಎಳೆಯುವ ದೋಷ ಮಾತ್ರ ಸಾವಿರ ಸಲ ಅಳೆದರೂ ಜಪ್ಪೆನ್ನದು. ಅದರ ಕಾರಣವನ್ನೇ ಹಿಡಿಯಬೇಕು. ಅದಕ್ಕೇ ನಂತರ ಬಂದ ಜಾರ್ಜ್ ಎವರೆಸ್ಟ್ ಕೋಲ್ಬಿ ಸಲಾಕೆಗಳನ್ನು ತಂದರು. ಹಿತ್ತಾಳೆ, ಕಬ್ಬಿಣ ಎರಡೂ ತಮ್ಮ ಪಾಡಿಗೆ ಹಿಗ್ಗಿದರೂ ತುದಿಯ ಚುಕ್ಕಿಗಳ ನಡುವಿನ 10 ಅಡಿ ಕದಲದಂಥ ಜೋಡಣೆ! ಕೋನ ಅಳೆಯುವ ಥಿಯೊಡೊಲೈಟಿನ ಗೆರೆಗಳಲ್ಲೇ ಐಬಿದ್ದೀತೆಂದು ಚಕ್ರ ತಿರುಗಿಸಿ, ಅದೇ ಕೋನವನ್ನು ಬೇರೆ ಬೇರೆ ಗೆರೆಗಳ ಮೇಲೆ ಓದುವುದು ಬೇರೆ.

ಇಷ್ಟೆಲ್ಲ ಸೋಸಿದ ಮೇಲೂ ಆ 5.236. ಎವರೆಸ್ಟ್ ಅದನ್ನು ಅಳತೆಯ ದೋಷವೆಂದೇ ಹೊಂದಿಸಿಬಿಟ್ಟರು. ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಪ್ರ್ಯಾಟ್ ಒಪ್ಪಲಿಲ್ಲ. ನಕ್ಷತ್ರದ ಕೋನ ಅಳೆಯಲು ನೇರ ಯಾವುದೆಂದು ಹೇಳುವುದು ದಾರಕ್ಕೆ ತೂಗುಬಿಟ್ಟ ತೂಕದ ಗುಂಡು. ಆ ಗುಂಡನ್ನೇ ಹಿಮಾಲಯ ತನ್ನತ್ತ ಎಳೆದಿದ್ದರೆ? ಹತ್ತಿರದ ಕಲಿಯಾನಾದಲ್ಲಿ ಹೆಚ್ಚು, ದೂರದ ಕಲಿಯಾನ್‌ಪುರದಲ್ಲಿ ಕಡಿಮೆ! ಕೂತು ಪರ್ವತದ ರಾಶಿಯನ್ನೆಲ್ಲ ಲೆಕ್ಕ ಹಾಕಿದರು. ವ್ಯತ್ಯಾಸ 15.885 ಸೆಕೆಂಡು ಬರಬೇಕಿತ್ತು.

ಮೂರು ಪಟ್ಟು! ಈಗ ಒಗಟು ತಲೆಕೆಳಗಾಯಿತು. ಗುಂಡು ಯಾಕೆ ವಾಲಿತು ಎಂಬುದಲ್ಲ, ಇಷ್ಟೇ ಯಾಕೆ ವಾಲಿತು? ಜಗತ್ತಿನ ಅತಿ ಎತ್ತರದ ಪರ್ವತ ಎಳೆಯಬೇಕಾದಷ್ಟು ಎಳೆಯುತ್ತಿಲ್ಲ. 1855ರಲ್ಲಿ ಬ್ರಿಟಿಷ್ ಖಗೋಳಜ್ಞ ಜಾರ್ಜ್ ಏರಿ ಉತ್ತರ ಕೊಟ್ಟರು: ನೀರಿನ ಮೇಲೆ ತೇಲುವ ದಿಮ್ಮಿಗಳಲ್ಲಿ ಹೆಚ್ಚು ಎದ್ದು ಕಾಣುವುದು ಹೆಚ್ಚು ಆಳಕ್ಕೂ ಇಳಿದಿರುತ್ತದೆ. ಪರ್ವತಕ್ಕೂ ಬೇರಿದೆ! ಕೆಳಗಿನ ಭಾರದ ಪದರವನ್ನು ಸರಿಸಿ ಹಗುರ ಶಿಲೆ ಆಳಕ್ಕಿಳಿದಿದೆ, ಅದಕ್ಕೇ ಎಳೆತ ಕಡಿಮೆ. (ಹಗುರ ಶಿಲೆಯೇ ಎತ್ತರಕ್ಕೆ ಏರಿದೆ ಎಂಬುದು ಪ್ರ್ಯಾಟ್ ವಾದ, ಅದನ್ನೂ ವಿಜ್ಞಾನ ಬಿಸಾಡಿಲ್ಲ.)

ಭೂಕಂಪದ ಅಲೆಗಳು ಈಗ ಆ ಬೇರನ್ನು ತೋರಿಸಿವೆ. ಭೂಖಂಡಗಳ ತೊಗಟೆ ಸಾಮಾನ್ಯವಾಗಿ 35-40 ಕಿ.ಮೀ. ದಪ್ಪ, ಟಿಬೆಟಿನ ಕೆಳಗೆ ಸುಮಾರು 70!